ಎಲ್ಲಿ ಇಳೀತೀರಿ?

ಹೋದ ವಾರ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಕೋಟೇಶ್ವರದ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ಬಸಳೆ ಸೊಪ್ಪಿನ ಕಟ್ಟು. ಬಸ್ಸು ಇನ್ನೂ ಹೊರಟಿರಲಿಲ್ಲ, "ಯಾರ್ ಮನಿಯರ್ ನೀವ್?" ಅಂತ ಶುರು ಮಾಡಿದರು. ಹೇಳಿದೆ. ಅಷ್ಟಕ್ಕೆ ಬಿಡುತ್ತಾರಾ? ತಾಯಿ ಮನೆ ಯಾವುದು, ಗಂಡ ಯಾರ ಮಗ, ಮಾವನವರ ತಮ್ಮ ಗದ್ದೆ ಮಾರಿದ್ದು ಹೌದಾ, ಎಲ್ಲ ಬಂತು. ಅಂಕದಕಟ್ಟೆ ದಾಟುವಷ್ಟರಲ್ಲಿ ನನ್ನ ಅಜ್ಜಿಗೂ ಅವರ ದೊಡ್ಡಮ್ಮನಿಗೂ ದೂರದ ನಂಟಿದೆ ಅಂತ ತೀರ್ಮಾನವಾಗಿತ್ತು. ಇಳಿಯುವಾಗ ಅರ್ಧ ಕಟ್ಟು ಬಸಳೆ ನನ್ನ ಚೀಲ ಸೇರಿತ್ತು.

ಪ್ರೀತಿಯಿಂದಲೇ ಕೇಳಿದ್ದು, ನಂಗೇನೂ ಬೇಜಾರಿಲ್ಲ. ಆದರೆ ಮನೆಗೆ ಬಂದು ಬಸಳೆ ದಂಟು ಹೆಚ್ಚುವಾಗ ಇನ್ನೊಂದು ಪ್ರಶ್ನೆ ನೆನಪಾಯಿತು. ಹದಿನಾಲ್ಕು ವರ್ಷ ಮುಂಬಯಿಯ ಲೋಕಲ್ ರೈಲಿನಲ್ಲಿ ಗುರುತಿಲ್ಲದ ಹೆಂಗಸರು ದಿನಕ್ಕೆರಡು ಸಲ ನನ್ನನ್ನು ಕೇಳಿದ ಪ್ರಶ್ನೆ. "ಕಿಧರ್ ಉತರೇಗಾ?" ಎಲ್ಲಿ ಇಳೀತೀರಿ?

ಅದಕ್ಕಿಂತ ಜಾಸ್ತಿ ಅವರಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಆ ಊರು ನನಗೆ ಇಷ್ಟವಾದದ್ದು ಅದಕ್ಕೇ ಅನ್ನಿಸುತ್ತದೆ.

ನಾನು ಮುಂಬಯಿಗೆ ಹೋದದ್ದು 1997ರ ಜೂನ್‌ನಲ್ಲಿ. ಬಿಕಾಂ ಮುಗಿದಿತ್ತು, ಊರಲ್ಲಿ ಕೆಲಸ ಇರಲಿಲ್ಲ, ಸೋದರಮಾವ ಅಲ್ಲಿದ್ದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಹಾಗಾಗಿ ನನಗೆ ಸಿಕ್ಕಿದ್ದು ಬಸ್ಸು. ಅರಬೈಲ್ ಘಾಟಿ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ ದಾಟಿ ಮರುದಿನ ಸಾಯನ್‌ನಲ್ಲಿ ಇಳಿದಾಗ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಅಮ್ಮ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದು ಚೀಲ ಕುಚ್ಚಲಕ್ಕಿ ಕಟ್ಟಿ ಕೊಟ್ಟಿದ್ದಳು. ಮಾವ ಚೀಲ ಎತ್ತಿ ನೋಡಿ, "ಅಕ್ಕಿ ಎಂತಕ್ ಹೊತ್ಕಂಡ್ ಬಂದದ್ದ್ ಮಾರಾಯ್ತಿ? ಮಾಟುಂಗದಗೆ ಎಲ್ಲಾ ಸಿಕ್ಕತ್ತ್" ಅಂದರು. ಅದು ಅವರ ಸ್ವಾಗತ ಭಾಷಣ.

ಮಾವ ಇದ್ದದ್ದು ಲಾಲ್‌ಬಾಗ್‌ನಲ್ಲಿ. ಬೆಂಗಳೂರಿನ ಲಾಲ್‌ಬಾಗ್ ನೆನೆಸಿಕೊಂಡರೆ ಮೋಸ ಹೋಗ್ತೀರಿ. ಇಲ್ಲಿ ಹೂವೂ ಇಲ್ಲ, ಗಾಜಿನ ಮನೆಯೂ ಇಲ್ಲ. ಹೊಗೆ ಬಿಡದ ಬಟ್ಟೆ ಗಿರಣಿ ಚಿಮಣಿಗಳು, ಅವುಗಳ ಕೆಳಗೆ ಚಾಳುಗಳು. ಮಾವನ ಖೋಲಿ ಹತ್ತಡಿಗೆ ಹನ್ನೆರಡಡಿ ಇತ್ತು. ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿ ಮಾಡಿದ ಮೋರಿ. ಪಾತ್ರೆ ತೊಳೆಯುವುದೂ ಅಲ್ಲೇ, ಪರದೆ ಎಳೆದು ಸ್ನಾನವೂ ಅಲ್ಲೇ. ನಲ್ಲಿ ನೀರು ಬೆಳಗಿನ ಜಾವ ಬರುತ್ತಿತ್ತು, ಒಂದು ಗಂಟೆ. ಸಂಡಾಸು ಗ್ಯಾಲರಿಯ ಕೊನೆಯಲ್ಲಿ, ಇಡೀ ಮಹಡಿಗೆ ಸೇರಿ. ಮಾವ, ಅತ್ತೆ, ಎರಡು ಮಕ್ಕಳು, ಈಗ ನಾನು. ನಾನು ಬಂದ ದಿನವೇ ಮಾವ ಚಾಪೆ ಸುತ್ತಿಕೊಂಡು ಗ್ಯಾಲರಿಗೆ ಮಲಗಲು ಹೋದರು. ಮೂರು ವರ್ಷ ಅಲ್ಲೇ ಮಲಗಿದರು. ಅದನ್ನು ದೊಡ್ಡ ವಿಷಯ ಮಾಡಿ ಯಾರೂ ಒಂದು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವರು ಮುಂಬಯಿಗೆ ಬಂದದ್ದು 1964ರಲ್ಲಿ, ಹದಿಮೂರು ವರ್ಷದ ಹುಡುಗನಾಗಿ. ನಮ್ಮ ಕಡೆಯ ಎಷ್ಟೋ ಹುಡುಗರ ಕಥೆಯೇ ಅವರದ್ದೂ. ಒಂದು ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ, ರಾತ್ರಿ ಕನ್ನಡ ಶಾಲೆ. ಆ ಕಾಲದ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಬೇಕಷ್ಟಿದ್ದವು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು ಏಪ್ರನ್ ಬಿಚ್ಚಿ ಸ್ಲೇಟು ಹಿಡಿಯುತ್ತಿದ್ದರು. "ಲೆಕ್ಕದ ಕ್ಲಾಸಗೆ ನಿದ್ರೆ, ಕನ್ನಡದ ಕ್ಲಾಸಗೆ ಹಸಿವು" ಅಂತ ಮಾವ ನಗುತ್ತಿದ್ದರು. ಹಾಗೇ ಎಸ್‌ಎಸ್‌ಸಿ ಪಾಸು ಮಾಡಿ, ನಾನು ಹೋಗುವ ಹೊತ್ತಿಗೆ ದಾದರಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತಿದ್ದರು. ನಿದ್ದೆ ಮಾಡಿದ ಲೆಕ್ಕದ ಕ್ಲಾಸು ಅಲ್ಲಿ ಉಪಯೋಗಕ್ಕೆ ಬಂದಿತ್ತು.

ಪಕ್ಕದ ಖೋಲಿಯಲ್ಲಿ ಮಾಲ್ವಣದ ಕುಟುಂಬ. ಆ ಮನೆಯ ಕಾಕಾ ಗಿರಣಿ ಕೆಲಸಗಾರರು, ಅಂದರೆ ಒಂದು ಕಾಲದಲ್ಲಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಎರಡು ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಕೂತರಲ್ಲ, ಅದರಲ್ಲಿ ಇವರೂ ಒಬ್ಬರು. ಮುಷ್ಕರ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ, ಗಿರಣಿಗಳೇ ಮುಗಿದವು. ಸಾಮಂತರನ್ನು ಗುಂಡಿಟ್ಟು ಕೊಂದದ್ದು 1997ರ ಜನವರಿಯಲ್ಲಿ. ನಾನು ಹೋದಾಗ ಇನ್ನೂ ಐದು ತಿಂಗಳಾಗಿತ್ತಷ್ಟೆ, ಗ್ಯಾಲರಿಯಲ್ಲಿ ಸಂಜೆ ಮಾತು ಅದೇ. ಕಾಕಾ ಮಾತ್ರ ಮಾತಾಡುತ್ತಿರಲಿಲ್ಲ. ಅವರ ಗಿರಣಿ ಗುರುತಿನ ಚೀಟಿ ಒಂದು ಬಿಸ್ಕತ್ ಡಬ್ಬಿಯಲ್ಲಿತ್ತು. ಒಮ್ಮೆ ನನಗೆ ತೋರಿಸಿ, ಮತ್ತೆ ಮುಚ್ಚಳ ಹಾಕಿ, ಡಬ್ಬಿಯನ್ನು ದೇವರ ಫೋಟೋದ ಹಿಂದೆ ಇಟ್ಟರು.

ಚಾಳು ಅಂದರೆ ಒಂದು ಹಳ್ಳಿಯೇ. ಹಗಲು ಬಾಗಿಲು ಹಾಕಿದ್ದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಅರ್ಥ. ನನಗೆ ಯಾವ ಆಫೀಸಿನಿಂದ ಇಂಟರ್‌ವ್ಯೂ ಕಾಗದ ಬಂದಿದೆ, ಎಷ್ಟು ಸಂಬಳ, ಯಾವ ಹುಡುಗನ ಜಾತಕ ಬಂತು, ಎಲ್ಲ ಮೂರು ಮಹಡಿಗೂ ಗೊತ್ತು. ಊರಿನದ್ದೇ ಕಥೆ, ಭಾಷೆ ಮಾತ್ರ ಮರಾಠಿ. ನಾನು ಹೇಳುತ್ತಿರುವ ಮುಂಬಯಿ ಅಲ್ಲಿಂದ ಹತ್ತು ನಿಮಿಷ ನಡೆದ ಮೇಲೆ ಶುರುವಾಗುತ್ತಿತ್ತು. ಕರೀ ರೋಡ್ ಸ್ಟೇಷನ್ನಿನಲ್ಲಿ.

ಕೆಲಸ ಸಿಕ್ಕಿದ್ದು ಫೋರ್ಟ್‌ನಲ್ಲಿ, ಹಾರ್ನಿಮನ್ ಸರ್ಕಲ್ ಹತ್ತಿರದ ಹಳೇ ಕಟ್ಟಡವೊಂದರಲ್ಲಿ. ಲೆಕ್ಕ ಬರೆಯುವ ಕೆಲಸ. ಮೊದಲ ದಿನ ಲೇಡೀಸ್ ಡಬ್ಬಿಯಲ್ಲಿ ಹತ್ತಿದ್ದು ನಾನಲ್ಲ. ಹಿಂದಿನವರು ತಳ್ಳಿದರು, ಮುಂದಿನವರು ಎಳೆದರು, ನಾನು ಒಳಗಿದ್ದೆ. ಚಪ್ಪಲಿ ಒಂದು ಪ್ಲಾಟ್‌ಫಾರಂನಲ್ಲಿ ಉಳಿಯಿತು. ಅದನ್ನೂ ಯಾರೋ ಎತ್ತಿ ಒಳಗೆ ಎಸೆದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

2000ದಲ್ಲಿ ಮದುವೆಯಾಯಿತು. ಹುಡುಗ ಊರ ಕಡೆಯವರೇ, ಕೆಲಸ ಅಂಧೇರಿಯಲ್ಲಿ. ಮನೆ ಕಾಂದಿವಲಿಯಲ್ಲಿ, ಬಾಡಿಗೆಗೆ. ಮುಂಬಯಿಯಲ್ಲಿ ಬಾಡಿಗೆ ಅಂದರೆ ಹನ್ನೊಂದು ತಿಂಗಳ ಅಗ್ರಿಮೆಂಟು. ಅದು ಮುಂದುವರಿಯದಾಗಲೆಲ್ಲ ಗ್ಯಾಸ್ ಸಿಲಿಂಡರು, ಕಪಾಟು, ತುಳಸಿ ಕುಂಡ ಟೆಂಪೋ ಹತ್ತುತ್ತಿದ್ದವು. ಹನ್ನೊಂದು ವರ್ಷದಲ್ಲಿ ಆರು ಮನೆ ಬದಲಾಯಿಸಿದೆವು. ತುಳಸಿ ಅಷ್ಟೂ ಬದುಕಿತು ಅನ್ನುವುದು ಆಶ್ಚರ್ಯ.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ರೈಲಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಮನೆ ತೋರಿಸುವಾಗ ಕೇಳುತ್ತಿದ್ದರು. ಒಂದು ಸೊಸೈಟಿಯಲ್ಲಿ ಮಾತು ಮುಗಿದು, ಟೋಕನ್ ಹಣ ಕೊಟ್ಟಾಗಿತ್ತು. ಮೀನು ತಿನ್ನುತ್ತೀರಾ ಅಂತ ಕಾರ್ಯದರ್ಶಿ ಕೇಳಿದರು. ನಾವು ಕರಾವಳಿಯವರು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರುದಿನ ಬ್ರೋಕರು ಟೋಕನ್ ವಾಪಸ್ ತಂದು ಕೊಟ್ಟ, ಮುಖ ನೋಡಲಿಲ್ಲ. ಊರಲ್ಲಿ ನೇರವಾಗಿ "ಯಾವ ಜನ?" ಅಂತ ಕೇಳುತ್ತಾರೆ, ಇಲ್ಲಿ ಬಂಗುಡೆಯ ಮೂಲಕ ಕೇಳಿದರು. ಇಷ್ಟೇ ವ್ಯತ್ಯಾಸ. ಮುಂಬಯಿ ಎಲ್ಲರನ್ನೂ ಅಪ್ಪಿಕೊಳ್ಳುತ್ತದೆ ಅಂತ ಯಾರಾದರೂ ಬರೆದರೆ ನನಗೆ ಆ ಟೋಕನ್ ಹಣ ನೆನಪಾಗುತ್ತದೆ.

ಆದರೂ ರೈಲು ರೈಲೇ.

ಕಾಂದಿವಲಿಯವರಿಗೆ ಬೆಳಗ್ಗೆ ಸೀಟು ಸಿಗುವುದಿಲ್ಲ. ಹತ್ತಲು ಜಾಗ ಸಿಕ್ಕರೆ ಅದೇ ಪುಣ್ಯ. ಅದಕ್ಕೆ ನಾವೊಂದು ಉಪಾಯ ಮಾಡುತ್ತಿದ್ದೆವು. ಚರ್ಚ್‌ಗೇಟ್ ಕಡೆ ಹೋಗಬೇಕಾದವರು ಉಲ್ಟಾ ಗಾಡಿ ಹತ್ತಿ, ಒಂದು ಸ್ಟೇಷನ್ ಹಿಂದೆ ಬೋರಿವಲಿಗೆ ಹೋಗುವುದು. ಅಲ್ಲಿ ಗಾಡಿ ಖಾಲಿಯಾಗಿ ಮತ್ತೆ ಚರ್ಚ್‌ಗೇಟ್‌ಗೆ ಹೊರಡುತ್ತದೆ. ನಾವು ಇಳಿಯುವುದೇ ಇಲ್ಲ, ಕೂತೇ ಇರುವುದು. ಇದಕ್ಕೆ 'ರಿಟರ್ನ್ ಬರೋದು' ಅಂತ ಹೆಸರು. ಮುಂದೆ ಹೋಗಬೇಕಾದರೆ ಮೊದಲು ಹಿಂದೆ ಹೋಗಬೇಕು ಅಂತ ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ. "ಅದಕ್ಕೆ ಇಷ್ಟು ಓದ್ಸ್ದದ್ದಾ ನಿನ್ನ?" ಅಂದರು.

ರಿಟರ್ನ್ ಬರಲಾಗದ ದಿನ ಪ್ರಶ್ನೆಯೇ ಗತಿ. ಒಳಗೆ ನುಗ್ಗಿ, ಕೂತವರ ಸಾಲಿನ ಮುಂದೆ ನಿಂತು ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುವುದು. "ಕಿಧರ್?" "ಚರ್ಚ್‌ಗೇಟ್." ಬೇಡ. "ಕಿಧರ್?" "ದಾದರ್." ಪರವಾಗಿಲ್ಲ. "ಕಿಧರ್?" "ಅಂಧೇರಿ." ಅಬ್ಬ! ಕೂಡಲೇ ಎರಡನೇ ಪ್ರಶ್ನೆ: "ಕಿಸೀಕೋ ಬೋಲಾ ಕ್ಯಾ?" ಯಾರಿಗಾದರೂ ಹೇಳಿದ್ದೀರಾ ಅಂತ. ಅಂಧೇರಿಯಲ್ಲಿ ಖಾಲಿಯಾಗುವ ಆ ಸೀಟನ್ನು ಇನ್ನೊಬ್ಬರಿಗೆ ಮಾತು ಕೊಟ್ಟಿದ್ದರೆ ಮುಗಿಯಿತು, ಅದು ಅವರದ್ದು. ಕಾಗದ ಇಲ್ಲ, ಸಹಿ ಇಲ್ಲ. ಮಾತು ಕೊಟ್ಟವಳು ಎದ್ದು ನಿಂತು, ಗುಂಪಿನಲ್ಲಿ ಅವಳನ್ನು ಹುಡುಕಿ, ಕೈ ಹಿಡಿದು ಎಳೆದು ಕೂರಿಸಿಯೇ ಇಳಿಯುತ್ತಿದ್ದಳು. ಮನೆ ಅಗ್ರಿಮೆಂಟಿಗಿಂತ ಈ ಮಾತು ಗಟ್ಟಿ ಇತ್ತು.

ಇನ್ನು ನಾಲ್ಕನೇ ಸೀಟು. ಬೆಂಚು ಮೂರು ಜನರಿಗೆ ಮಾಡಿದ್ದು. ನಾಲ್ಕನೆಯವಳು ಬಂದು ಸುಮ್ನೆ ನಿಂತರೆ ಸಾಕು, ಮೂವರೂ ಒಂದೊಂದು ಇಂಚು ಸರಿಯುತ್ತಾರೆ. ನಗುವುದಿಲ್ಲ, 'ಬನ್ನಿ ಕೂತ್ಕೊಳ್ಳಿ' ಅನ್ನುವುದಿಲ್ಲ, ಕೆಲವರು ಮುಖ ಸಿಂಡರಿಸುತ್ತಾರೆ ಕೂಡ. ಆದರೆ ಸರಿಯುತ್ತಾರೆ. ಅರ್ಧ ಕುಂಡೆ ಮಾತ್ರ ಬೆಂಚಿನ ಮೇಲೆ, ಇನ್ನರ್ಧ ಗಾಳಿಯಲ್ಲಿ. ಬಲಗಾಲಲ್ಲಿ ಅಷ್ಟೂ ಭಾರ ಹಿಡಿದು ಬಾಂದ್ರಾವರೆಗೆ ಹಾಗೇ. ನನ್ನ ಬಲ ಮೊಣಕಾಲು ಈಗ ನೋಯುತ್ತದೆ. ಡಾಕ್ಟರು ವಯಸ್ಸು ಅನ್ನುತ್ತಾರೆ, ನಾನು ನಾಲ್ಕನೇ ಸೀಟು ಅನ್ನುತ್ತೇನೆ.

ನಮ್ಮದೊಂದು ಗುಂಪಿತ್ತು. ಬೋರಿವಲಿಯಿಂದ 8.11ರ ಫಾಸ್ಟ್. ಏಳೆಂಟು ಜನ, ಹೆಸರು ಯಾರಿಗೂ ಯಾರದ್ದೂ ಸರಿಯಾಗಿ ಗೊತ್ತಿಲ್ಲ. ಒಬ್ಬರು ಎಲ್‌ಐಸಿ ಆಂಟಿ. ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ, ಕೆಲಸ ಮಾಡುತ್ತಿದ್ದವರ ಹೆಸರೇ 'ಮಂತ್ರಾಲಯ'. ಇನ್ನೊಬ್ಬಳು ವಿರಾರ್‌ನಿಂದ ಬಂದು ಬೋರಿವಲಿಯಲ್ಲಿ ಗಾಡಿ ಬದಲಿಸುತ್ತಿದ್ದಳು, ಅವಳು 'ವಿರಾರ್‌ವಾಲಿ'. ನಾನು 'ಮ್ಯಾಂಗಲೋರ್'. ಕುಂದಾಪುರ ಅಂದರೆ ಅರ್ಥವಾಗುತ್ತಿರಲಿಲ್ಲ, ಒಂದೆರಡು ಸಲ ಹೇಳಿ ಬಿಟ್ಟುಬಿಟ್ಟೆ. ಚಳಿಗಾಲದಲ್ಲಿ ಹಸಿ ಬಟಾಣಿ ತಂದು ಎಲ್ಲರ ಮಡಿಲಿಗೂ ಒಂದೊಂದು ಹಿಡಿ ಹಾಕುತ್ತಿದ್ದರು ಎಲ್‌ಐಸಿ ಆಂಟಿ. ದಾದರ್ ಬರುವಷ್ಟರಲ್ಲಿ ಒಂದು ಕಿಲೋ ಸುಲಿದಾಗಿರುತ್ತಿತ್ತು. ಸಂಜೆ ಗಾಡಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುವುದು. ನಡುವೆ ಕಿವಿಯೋಲೆ, ಕ್ಲಿಪ್ಪು, ಸೇಫ್ಟಿ ಪಿನ್ ಮಾರುವ ಹುಡುಗಿಯರು. ನವರಾತ್ರಿ ಬಂದರೆ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಸೀರೆ. ಮರಾಠಿ ಪೇಪರಿನಲ್ಲಿ ಇಂಥ ದಿನ ಇಂಥ ಬಣ್ಣ ಅಂತ ಬರುತ್ತಿತ್ತು, ಮರುದಿನ ಇಡೀ ಡಬ್ಬಿ ಹಳದಿ ಇಲ್ಲಾ ನೀಲಿ. ನನ್ನ ಹತ್ತಿರ ಬೂದು ಬಣ್ಣದ ಸೀರೆ ಇರಲಿಲ್ಲ. ಆ ದಿನ 'ಮಂತ್ರಾಲಯ' ತಮ್ಮದೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಬೋರಿವಲಿ ಸ್ಟೇಷನ್ನಿನಲ್ಲಿ ಹೆಗಲಿಗೆ ಶಾಲಿನ ಹಾಗೆ ಹೊದಿಸಿದರು.

2002ರಲ್ಲಿ ನಾನು ಬಸುರಿ. ಏಳು ತಿಂಗಳಾದಾಗ ಒಂದು ದಿನ ಗಾಡಿ ಅಂಧೇರಿ ಬಿಡುತ್ತಿದ್ದಂತೆ ಎಲ್ಲರೂ ಚೀಲದಿಂದ ಏನೇನೋ ತೆಗೆದರು. ಹಸಿರು ಬಳೆ, ಮಲ್ಲಿಗೆ ಗಜ್ರಾ, ಸ್ಟೀಲ್ ಡಬ್ಬಿಯಲ್ಲಿ ಪೂರಣಪೋಳಿ, ಕೇಸರಿಬಾತು, ನನಗೆ ಅಂತಲೇ ತಂದ ಹುಣಸೆ ಚಟ್ನಿ. ಮರಾಠಿಯಲ್ಲಿ ಇದಕ್ಕೆ ಡೋಹಾಳೆ ಜೇವಣ ಅನ್ನುತ್ತಾರೆ. ನಮ್ಮ ಬಯಕೆ ಊಟ. ಬಳೆ ತೊಡಿಸುವಾಗ ಗಾಡಿ ಕುಲುಕಿ ಎರಡು ಒಡೆದವು. ಪಕ್ಕದಲ್ಲಿ ನಿಂತಿದ್ದ, ನಮಗೆ ಯಾರಿಗೂ ಗೊತ್ತಿಲ್ಲದ ಹೆಂಗಸು ಚೂರು ಆರಿಸಿ ಕಿಟಕಿಯಿಂದ ಆಚೆ ಹಾಕಿದಳು. ಆಮೇಲೆ ಹಾಡು. ಹಾಡಿನಲ್ಲಿ ಬಸುರಿಯ ಹೆಸರು ಸೇರಿಸಬೇಕಂತೆ. ಎಲ್‌ಐಸಿ ಆಂಟಿ ಹಾಡು ನಿಲ್ಲಿಸಿ, ನನ್ನ ಮುಖ ನೋಡಿ, "ಅಗಂ, ತುಝಂ ನಾವ್ ಕಾಯ್?" ಅಂದರು. ಒಂದೂವರೆ ವರ್ಷ ದಿನಾ ಮೈಗೆ ಮೈ ತಾಗಿಸಿ ಕೂತಿದ್ದೆವು. ನಿನ್ನ ಹೆಸರೇನು ಅಂತ ಕೇಳಿದ್ದು ಆವತ್ತೇ ಮೊದಲು. ಇಡೀ ಡಬ್ಬಿ ಬಿದ್ದು ಬಿದ್ದು ನಕ್ಕಿತು.

ಗಂಡನ ಹೆಸರನ್ನು ಉಖಾಣಾದಲ್ಲಿ ಹೇಳು ಅಂತ ಹಟ ಹಿಡಿದರು. ನಮ್ಮಲ್ಲಿ ಒಡಪು ಅನ್ನುತ್ತೇವಲ್ಲ, ಅದೇ. ಮರಾಠಿಯಲ್ಲಿ ಬಾರದು, ಕನ್ನಡದಲ್ಲೇ ಒಂದು ಕಟ್ಟಿ ಹೇಳಿದೆ. ಒಬ್ಬರಿಗೂ ಅರ್ಥವಾಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಏನು ಹೇಳಿದೆ ಅಂತ ಇಲ್ಲಿ ಬರೆಯುವುದಿಲ್ಲ, ಗಂಡ ಇದನ್ನು ಓದುತ್ತಾರೆ.

ಮುಂಬಯಿ ಮಳೆ ಅಂದರೆ ಎಲ್ಲರೂ 2005ರ ಜುಲೈ 26 ಹೇಳುತ್ತಾರೆ. ನಾನೂ ಹೇಳುತ್ತೇನೆ, ಬೇರೆ ದಾರಿಯಿಲ್ಲ. ಆವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ 73. ನಾನಿದ್ದದ್ದು ಕೊಲಾಬಾ ಪಕ್ಕದ ಫೋರ್ಟ್‌ನಲ್ಲಿ. ಹಾಗಾಗಿ ನಮಗೆ ಏನೂ ಗೊತ್ತಿಲ್ಲ. ನಮ್ಮೂರ ಆಟಿ ಮಳೆಯ ಮುಂದೆ ಇದೆಂಥದ್ದು ಅಂತ ಛತ್ರಿ ಬಿಡಿಸಿ, ಕಟಿಂಗ್ ಚಾ ಕುಡಿದು, ಆರಾಮಾಗಿ ಚರ್ಚ್‌ಗೇಟ್‌ನಲ್ಲಿ ಗಾಡಿ ಹತ್ತಿದೆ. ಬಾಂದ್ರಾಕ್ಕೆ ಬಂದು ಅದು ನಿಂತೇ ಬಿಟ್ಟಿತು. ಎರಡು ಗಂಟೆ ಕಾದೆವು. ಮಗಳಿಗೆ ಮೂರು ವರ್ಷ, ಕಾಂದಿವಲಿಯಲ್ಲಿ ಪಕ್ಕದ ಮನೆಯಲ್ಲಿದ್ದಳು. ಮೊಬೈಲ್ ಸತ್ತಿತ್ತು. ಇಳಿದು ನಡೆಯಲು ಶುರು ಮಾಡಿದೆ.

ಎಸ್‌ವಿ ರೋಡಿನಲ್ಲಿ ಸೊಂಟದವರೆಗೆ ನೀರು. ಎಲ್ಲಿ ಗಟಾರ, ಎಲ್ಲಿ ರಸ್ತೆ ಗೊತ್ತಾಗದು. ತೆರೆದ ಗಟಾರದ ಪಕ್ಕ ಹುಡುಗರು ಕೋಲು ಹಿಡಿದು ನಿಂತಿದ್ದರು. "ಇಧರ್ ಸೇ ನಹೀ, ಉಧರ್ ಸೇ" ಅಂತ ಕೂಗಿ ಕೂಗಿ ಅವರ ಗಂಟಲು ಬಿದ್ದಿತ್ತು. ಅಂಗಡಿಯವರು ಬಿಸ್ಕತ್ ಪ್ಯಾಕೆಟ್ ಒಡೆದು ಹಂಚುತ್ತಿದ್ದರು. ಚಪ್ಪಲಿ ಖಾರ್‌ನಲ್ಲೇ ಹೋಗಿತ್ತು. ಸಾಂತಾಕ್ರೂಜ್ ತಲುಪಿದಾಗ ಕತ್ತಲು, ಕರೆಂಟಿಲ್ಲ. ಒಂದು ಕಟ್ಟಡದ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಗುಜರಾತಿ ಸೆರಗು. "ಕಹಾಂ ಜಾನಾ ಹೈ?"

"ಕಾಂದಿವಲಿ."

"ಆಜ್ ನಹೀ ಹೋಗಾ. ಊಪರ್ ಆಓ."

ಎರಡನೇ ಮಹಡಿ. ಹಾಲ್‌ನಲ್ಲಿ ಆಗಲೇ ಎಂಟು ಹೆಂಗಸರು, ಎಲ್ಲ ನನ್ನ ಹಾಗೆ ದಾರಿಯಿಂದ ಎತ್ತಿಕೊಂಡು ಬಂದವರು. ಒಣ ನೈಟಿ ಕೊಟ್ಟರು. ದೊಡ್ಡ ಕುಕ್ಕರಿನಲ್ಲಿ ಖಿಚಡಿ. ಲ್ಯಾಂಡ್‌ಲೈನ್ ಹೇಗೋ ಉಸಿರಾಡುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಪಕ್ಕದ ಮನೆಯವರು "ಮಗು ಊಟ ಮಾಡಿ ಮಲಗಿದೆ, ಅಪ್ಪನೂ ಬಂದಿಲ್ಲ, ನೀನು ಬರಬೇಡ" ಅಂದರು. ಆಮೇಲೆ ಖಿಚಡಿ ಗಂಟಲಲ್ಲಿ ಇಳಿಯಿತು. ರಾತ್ರಿಯೆಲ್ಲ ಮೇಣದ ಬತ್ತಿ ಬೆಳಕಲ್ಲಿ ಒಂಬತ್ತು ಜನ ಸಾಲಾಗಿ ಮಲಗಿದ್ದೆವು. ಆ ಮನೆಯಾಕೆ ನಮ್ಮ ಯಾರ ಹೆಸರೂ ಕೇಳಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಮಾತ್ರ ಕೇಳಿ ನೆನಪಿಟ್ಟುಕೊಂಡಿದ್ದರು. ಬೆಳಗ್ಗೆ ಎಬ್ಬಿಸಿದ್ದೂ ಹಾಗೇ: "ಮಾಲಾಡ್, ಉಠೋ. ಕಾಂದಿವಲಿ, ಚಾಯ್."

ಹೊರಡುವಾಗ ನನ್ನ ಬರಿಗಾಲು ನೋಡಿ ಹವಾಯಿ ಚಪ್ಪಲಿ ಕೊಟ್ಟರು. ಒಂದರ ಪಟ್ಟಿ ನೀಲಿ, ಒಂದರದ್ದು ಹಸಿರು. ಜೋಡಿ ಹುಡುಕಲು ಪುರುಸೊತ್ತಿರಲಿಲ್ಲ ಅನ್ನಿಸುತ್ತದೆ. ಅದನ್ನೇ ಹಾಕಿಕೊಂಡು ನಾಲ್ಕು ಗಂಟೆ ನಡೆದು ಮನೆ ಸೇರಿದೆ.

ತಿಂಗಳು ಕಳೆದ ಮೇಲೆ ಒಂದು ಸೀರೆ, ಒಂದು ಡಬ್ಬಿ ತೆಂಗಿನಕಾಯಿ ಬರ್ಫಿ ತೆಗೆದುಕೊಂಡು ಸಾಂತಾಕ್ರೂಜ್‌ನಲ್ಲಿ ಇಳಿದೆ. ಕಟ್ಟಡ ಸಿಗಲಿಲ್ಲ. ನೀರಿಲ್ಲದ ಆ ರಸ್ತೆ ಬೇರೆಯೇ ಆಗಿತ್ತು. ಎಲ್ಲ ಕಟ್ಟಡಕ್ಕೂ ಅದೇ ಮೆಟ್ಟಿಲು, ಅದೇ ಅಶೋಕ ಮರ. ಹೆಸರು ಗೊತ್ತಿದ್ದರೆ ವಾಚ್‌ಮನ್‌ಗಳನ್ನಾದರೂ ಕೇಳಬಹುದಿತ್ತು. ಇನ್ನೊಮ್ಮೆ ಹೋದೆ, ಆಗಲೂ ಇಲ್ಲ. ಬರ್ಫಿಯನ್ನು ವಾಪಸ್ ಬರುವಾಗ ಡಬ್ಬಿಯಲ್ಲಿದ್ದವರಿಗೆ ಹಂಚಿದೆ. ಚಪ್ಪಲಿ ಎರಡು ವರ್ಷ ಬಚ್ಚಲುಮನೆಯಲ್ಲಿ ಸವೆಯಿತು.

ಮರುವರ್ಷ ಅದೇ ಜುಲೈನಲ್ಲಿ, 11ನೇ ತಾರೀಕು ಸಂಜೆ, ನಮ್ಮದೇ ವೆಸ್ಟರ್ನ್ ಲೈನಿನ ಗಾಡಿಗಳಲ್ಲಿ ಏಳು ಬಾಂಬ್ ಸಿಡಿದವು. ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ, ಹನ್ನೊಂದು ನಿಮಿಷದೊಳಗೆ. ಅದರ ಬಗ್ಗೆ ಜಾಸ್ತಿ ಬರೆಯಲು ಇಷ್ಟವಿಲ್ಲ. ಮರುದಿನ ಬೆಳಗ್ಗೆ ಗಾಡಿ ಓಡಿತು, ನಾವೂ ಹತ್ತಿದೆವು. ಮುಂಬಯಿಯ ಸ್ಪಿರಿಟ್ ಅಂತ ಪೇಪರಿನವರು ಬರೆದರು. ಸ್ಪಿರಿಟ್ಟೂ ಇಲ್ಲ, ಎಂಥದೂ ಇಲ್ಲ. ರಜೆ ಹಾಕಿದರೆ ಸಂಬಳ ಕಟ್ಟಾಗುತ್ತದೆ, ಅದಕ್ಕೆ ಹೋದೆವು. ಡಬ್ಬಿಯಲ್ಲಿ ಆವತ್ತು ಬಟಾಣಿ ಇರಲಿಲ್ಲ, ಮಾತೂ ಇರಲಿಲ್ಲ. ಬೋರಿವಲಿಯಿಂದ ಅಂಧೇರಿವರೆಗೆ 'ವಿರಾರ್‌ವಾಲಿ' ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು.

ಭಾನುವಾರ ಮಾಟುಂಗ. ಇದು ಮಾವನಿಂದ ಬಂದ ರೂಢಿ. ಮಾವ ಹೇಳಿದ್ದು ಸುಳ್ಳಲ್ಲ, ಅಲ್ಲಿ ಎಲ್ಲಾ ಸಿಗುತ್ತಿತ್ತು. ಕುಚ್ಚಲಕ್ಕಿ, ಸೌತೆಕಾಯಿ, ಪತ್ರೊಡೆಗೆ ಕೆಸುವಿನೆಲೆ, ಬಾಳೆಎಲೆ, ಕಣ್ಣೆದುರೇ ಪುಡಿ ಮಾಡಿ ಕೊಡುವ ಕಾಫಿ. ಸ್ಟೇಷನ್ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಕೂಪನ್ ತೆಗೆದುಕೊಂಡು ಸಾಲಿನಲ್ಲಿ ಕೂತು, ನಮ್ಮ ಪಾಳಿ ಬಂದಾಗ ಬಾಳೆಎಲೆ ಊಟ. ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳದವರು ಬರುತ್ತಿದ್ದರು. ಅಲ್ಲಿ ಗದ್ದೆಯಲ್ಲಿ ಆಟ ಆಡಲಾಗದ ತಿಂಗಳುಗಳಲ್ಲಿ ಇಲ್ಲಿ ಹಾಲ್‌ನಲ್ಲಿ ಚೆಂಡೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ನೂ ಮಾಟುಂಗದಲ್ಲೇ, ನಾಟಕ ನೋಡಿದ್ದು ಅಲ್ಲಿ. ಅಲ್ಲಿ ಮಾತ್ರ ಪ್ರಶ್ನೆ ಬದಲಾಗುತ್ತಿತ್ತು. ಕೆಸುವಿನೆಲೆ ಆರಿಸುವಾಗ ಪಕ್ಕದವರು ನನ್ನ ಮಾತು ಕೇಳಿ ತಲೆ ಎತ್ತುತ್ತಿದ್ದರು. "ಹ್ವಾಯ್, ಊರ್ ಬದಿಯರಾ? ಯಾರ್ ಮನಿ ಆಯ್ತ್?" ವಾರಕ್ಕೊಮ್ಮೆ ಆ ಪ್ರಶ್ನೆ ಎಷ್ಟು ಹಿತವಾಗಿತ್ತು ಅಂದರೆ, ನಾನೇ ಬೇಕಂತಲೇ ಜೋರಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದೆ. ವಾರಕ್ಕೊಮ್ಮೆ ಸಾಕು. ಆರು ದಿನ 'ಮ್ಯಾಂಗಲೋರ್', ಒಂದು ದಿನ ಇಂಥವರ ಮನೆ ಹೆಣ್ಣು.

ಮುಂಬಯಿ ಬಿಟ್ಟದ್ದು 2011ರಲ್ಲಿ. ಗಂಡನ ಅಮ್ಮನಿಗೆ ಹುಷಾರಿರಲಿಲ್ಲ, ಗಂಡನಿಗೆ ಉಡುಪಿಯಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ 8.11ರಲ್ಲಿ ಎಲ್ಲರಿಗೂ ಹೇಳಿದೆ. ಅಳು ಗಿಳು ಏನೂ ಆಗಲಿಲ್ಲ. ಎಲ್‌ಐಸಿ ಆಂಟಿ ಆಗಲೇ ರಿಟೈರ್ ಆಗಿದ್ದರು. 'ಮಂತ್ರಾಲಯ' ಕೇಳಿದ್ದು ಇಷ್ಟೇ: "ಹಾಗಾದರೆ ನಾಳೆಯಿಂದ ಕಿಟಕಿ ಸೀಟು ಯಾರಿಗೆ? ಯಾರಿಗಾದರೂ ಹೇಳಿದ್ದೀಯಾ?"

ಹನ್ನೆರಡು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ, ಮಾವನ ಮೊಮ್ಮಗಳ ಮದುವೆಗೆ ಹೋದೆ. ಮಾವ ಈಗಿಲ್ಲ. ಅವರ ಚಾಳೂ ಇಲ್ಲ, ಆ ಜಾಗದಲ್ಲಿ ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುವ ಟವರ್ ಇದೆ. ಮಾವನ ಮಗಳು ಈಗ ಬೋರಿವಲಿಯಲ್ಲಿ. ಹಳೇ ಕೆಂಪು ಡಬಲ್ ಡೆಕ್ಕರ್ ಬಸ್ಸು ಆ ಸೆಪ್ಟೆಂಬರ್‌ನಲ್ಲಷ್ಟೇ ನಿಂತಿತ್ತು, ಪದ್ಮಿನಿ ಟ್ಯಾಕ್ಸಿ ಅಕ್ಟೋಬರ್‌ನಲ್ಲಿ. ನಾನು ಬರುವುದನ್ನು ಒಂದು ತಿಂಗಳು ಕಾಯಬಾರದಿತ್ತಾ ಅಂತ ಸುಮ್ನೆ ಸಿಟ್ಟು ಬಂತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಪ್ರಭಾದೇವಿ ಆಗಿದೆ. ವಿಲೇಪಾರ್ಲೆಯ ಪಾರ್ಲೆ ಫ್ಯಾಕ್ಟರಿ 2016ರಲ್ಲೇ ಮುಚ್ಚಿತಂತೆ. ಕಣ್ಣು ಮುಚ್ಚಿ ತೂಕಡಿಸುವಾಗ ಬೇಯುವ ಬಿಸ್ಕತ್ತಿನ ಪರಿಮಳ ಬಂದರೆ ಪಾರ್ಲೆ ಬಂತು ಅಂತ ತಿಳಿಯುತ್ತಿತ್ತು. ಫಾಸ್ಟ್ ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ, ಪರಿಮಳ ಮಾತ್ರ ಹತ್ತಿ ಇಳಿಯುತ್ತಿತ್ತು.

ಮದುವೆಗೆ ಎರಡು ದಿನ ಮೊದಲು ಮಾಟುಂಗಕ್ಕೆ ಹೋಗಿ ಬರುತ್ತೇನೆ ಅಂದೆ. ಬಾಳೆಎಲೆ, ವೀಳ್ಯದೆಲೆ ತರಬೇಕಿತ್ತು. "ಕಾರ್ ಬುಕ್ ಮಾಡ್ತೆ ಅಕ್ಕ" ಅಂದಳು ಮಾವನ ಮಗಳು. ಬೇಡ. "ಎಸಿ ಲೋಕಲಿಗೆ ಹೋಯ್ನಿ." ಅದೂ ಬೇಡ. ಬಾಗಿಲು ಮುಚ್ಚಿದ ಲೋಕಲು ನನಗೆ ಲೋಕಲು ಅನ್ನಿಸುವುದಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ ಬೋರಿವಲಿ ಸ್ಟೇಷನ್ನಿಗೆ ಹೋಗಿ ನಿಂತೆ. ಕಾಲಿಗೆ ಎಲ್ಲ ನೆನಪಿತ್ತು, ಲೇಡೀಸ್ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕಾಗಲಿಲ್ಲ. ಗಾಡಿ ನಿಲ್ಲುವ ಮೊದಲೇ ಹತ್ತುವ ವಯಸ್ಸು ದಾಟಿತ್ತು, ಆದರೂ ಮೂರನೇ ಸೀಟು ಸಿಕ್ಕಿತು.

ಡಬ್ಬಿಯಲ್ಲಿ ಒಂದು ಗುರುತಿನ ಮುಖವೂ ಇಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಬಟಾಣಿ ಸುಲಿಯುವವರು ಕಾಣಲಿಲ್ಲ. ಇವರೆಲ್ಲ ಒಬ್ಬರಿಗೊಬ್ಬರು ಮಾತಾಡುತ್ತಾರೋ ಇಲ್ಲವೋ ಅಂತ ಯೋಚಿಸುತ್ತಾ ಕೂತೆ. ಕಾಂದಿವಲಿ ಹೋಯಿತು, ನಮ್ಮ ಹಳೇ ಬಿಲ್ಡಿಂಗಿನ ನೀರಿನ ಟ್ಯಾಂಕಿ ಕಂಡ ಹಾಗಾಯಿತು. ಮಾಲಾಡ್, ಗೋರೆಗಾಂವ್. ಜನರ ನಡುವಿನಿಂದ ನುಸುಳಿಕೊಂಡು ಒಬ್ಬಳು ಹುಡುಗಿ ಬಂದು ನಮ್ಮ ಬೆಂಚಿನ ಮುಂದೆ ನಿಂತಳು. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕಣ್ಣಲ್ಲಿ ನಿದ್ದೆ. ಒಂದು ಕಿವಿಯ ಇಯರ್‌ಫೋನ್ ತೆಗೆದು ಕಿಟಕಿಯವಳನ್ನು ಕೇಳಿದಳು. ಚರ್ಚ್‌ಗೇಟ್. ಮಧ್ಯದವಳನ್ನು ಕೇಳಿದಳು. ಚರ್ಚ್‌ಗೇಟ್. ಆಮೇಲೆ ನನ್ನ ಕಡೆ ತಿರುಗಿದಳು.

"ಆಂಟಿ, ಆಪ್ ಕಿಧರ್?"

ನಾನು ದಾದರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು.

"ಅಂಧೇರಿ" ಅಂದೆ.

"ಕಿಸೀಕೋ ಬೋಲಾ ಕ್ಯಾ?"

"ನಹೀ. ತುಮ್ ಬೈಠೋ."

ಅಂಧೇರಿ ಬಂತು. ಅವಳ ಕೈ ಹಿಡಿದು ಎಳೆದು ಸೀಟಿನಲ್ಲಿ ಕೂರಿಸಿ, ತಳ್ಳುತ್ತಾ ತಳ್ಳಿಸಿಕೊಳ್ಳುತ್ತಾ ಇಳಿದೆ. ಗಾಡಿ ಹೊರಡುವಾಗ ನೋಡಿದೆ, ಅವಳು ಆಗಲೇ ಕಣ್ಣು ಮುಚ್ಚಿದ್ದಳು. ದಾದರಿಗೆ ಮುಂದಿನ ಗಾಡಿ ನಾಲ್ಕು ನಿಮಿಷಕ್ಕಿದೆ ಅಂತ ಇಂಡಿಕೇಟರ್ ತೋರಿಸುತ್ತಿತ್ತು. ಅಲ್ಲೇ ಒಂದು ಕಟಿಂಗ್ ಚಾ ಕುಡಿದೆ.